ಡೆಪ್ಯುಟಿ ಚನ್ನಬಸಪ್ಪನವರು

ಪರೀಕ್ಷಕನ ಪ್ರಶ್ನೆಯು ಮಗುವಿನ ಮನೆಮಾತಿನಲ್ಲಿರುವುದು ನ್ಯಾಯವೆಂದು ಇಂದು ಯಾರೂ ಒಪ್ಪುವರು. ನೂರೈವತ್ತು ವರ್ಷಗಳಿಗೂ ಹಿಂದೆ ಧಾರವಾಡ, ಬೆಳಗಾವಿಯ ಕಡೆಯಲ್ಲಿ ಇಷ್ಟನ್ನು ಹೇಳುವುದಕ್ಕೂ ಎದೆಗಾರಿಕೆ ಬೇಕಾಗಿದ್ದಿತು. 1818ರಲ್ಲಿ ಪೇಶ್ವೆಯರ ರಾಜ್ಯವಳಿದು ಆ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೆ ಕಚೇರಿಯ ಮರಾಠಿಯು ಕದಲಲಿಲ್ಲ, ಸರ್ಕಾರಿ ಶಾಲೆಗೂ ಅದೇ ಬಂದು ಕುಳಿತಿತು. ಕನ್ನಡ ರೈತನ ಮಗನು ಲೆಕ್ಕವನ್ನು ಕಲಿಯುವ ಮುನ್ನ ಪರಭಾಷೆಯನ್ನು ಕಲಿಯಬೇಕು. ಉತ್ತರ ತಿಳಿದೂ ಬಾಯಿಬಿಡಲಾರದ ಹುಡುಗನು ದಡ್ಡನೆನಿಸಿಕೊಳ್ಳದೆ ಹೇಗೆ ಉಳಿದಾನು?

ಈ ಅನ್ಯಾಯವನ್ನು ಸರ್ಕಾರದ ಒಳಗೇ ನಿಂತು ತಿದ್ದಹೊರಟವರು ಚನ್ನಬಸಪ್ಪನವರು. 1834ನೆಯ ನವೆಂಬರ್ 1ರಂದು ಜನಿಸಿದ ಇವರು ಇಂಗ್ಲಿಷ್ ವಿದ್ಯೆಯ ಹಂಬಲದಿಂದ ಎಳೆಯ ವಯಸ್ಸಿನಲ್ಲಿಯೇ ಪುಣೆಗೆ ತೆರಳಿದರು. ಮರಾಠಿಯನ್ನು ಬಲ್ಲವರೇ, ಅದರ ಮೇಲಿನ ದ್ವೇಷದಿಂದ ಹೊರಟವರಲ್ಲ. 1861ರಲ್ಲಿ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾದರು. ಬಳಿಕ ವಿದ್ಯಾಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರಾದರು. ಹುದ್ದೆಯ ಹೆಸರೇ ಅವರ ಮನೆತನದ ಹೆಸರಿನಂತೆ ಅಂಟಿಕೊಂಡಿತು.

ಅಧಿಕಾರದಲ್ಲಿರುವವರು ಗಮನಿಸತಕ್ಕ ಸಂಗತಿಯೊಂದಿದೆ. ಡೆಪ್ಯುಟಿಯ ಪದವಿ ದೊಡ್ಡದಲ್ಲ, ಮೇಲೆ ಆಂಗ್ಲ ಅಧಿಕಾರಿಯಿದ್ದನು. ಚನ್ನಬಸಪ್ಪನವರು ಆ ಅಧಿಕಾರಿಯಾದ ರಸೆಲ್ ಸಾಹೇಬರ ಮನಸ್ಸನ್ನು ಒಲಿಸಿಕೊಂಡರು. ಬಾಗಿಲಿನ ಹಲಗೆಯಲ್ಲಿ ಕನ್ನಡ ಶಾಲೆಯೆಂದು ಬರೆಯಿಸಿದ ಮಾತ್ರಕ್ಕೆ ಕನ್ನಡ ಶಾಲೆಯಾಗದು. ಕಲಿಸಬಲ್ಲ ಪಂತೋಜಿ ಬೇಕು, ಅವನ ಕೈಯಲ್ಲಿ ಪುಸ್ತಕ ಬೇಕು. ಉಪಾಧ್ಯಾಯರನ್ನು ಸಿದ್ಧಪಡಿಸುವುದು, ವೆಂಕಟ ರಂಗೋ ಕಟ್ಟಿಯವರಂತಹ ವಿದ್ವಾಂಸರು ಬರೆಯುವಂತೆ ನೋಡಿಕೊಳ್ಳುವುದು, ಇವೇ ಅವರ ಹಗಲಿರುಳಿನ ದುಡಿಮೆಯಾದವು. ಉಪಾಧ್ಯಾಯರಿಗಾಗಿ ನಡೆದ ಪತ್ರಿಕೆಯ ಹೆಸರು ಮಠಪತ್ರಿಕೆ. ನಮ್ಮ ಕಡೆಯ ಕೂಲಿಮಠವನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾವೂ ಸುಮ್ಮನಿರದೆ 1871ರಲ್ಲಿ ಷೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಕ್ಕೆ ತಂದರು.

1881ನೆಯ ಜನವರಿ 4ರಂದು, ನಲವತ್ತಾರರ ವಯಸ್ಸಿನಲ್ಲಿ ತೀರಿಕೊಂಡರು. ಕರ್ನಾಟಕ ವಿದ್ಯಾವರ್ಧಕ ಸಂಘವು ಧಾರವಾಡದಲ್ಲಿ ಹುಟ್ಟಿದುದು ಒಂಬತ್ತು ವರ್ಷಗಳ ಮೇಲೆ, 1890ರಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಒಂದು ಪೀಳಿಗೆಯೇ ಇಲ್ಲದಿದ್ದರೆ ಆ ಸಂಘಕ್ಕೆ ಓದುಗರು ಎಲ್ಲಿಂದ ಬರುತ್ತಿದ್ದರು?

1956ರಲ್ಲಿ ಗಡಿಗಳು ಬದಲಾದವು, ಪ್ರಶ್ನೆಯು ಮುಗಿಯಲಿಲ್ಲ. ಜತ್ತ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಮಕ್ಕಳು ಮಹಾರಾಷ್ಟ್ರದ ಪರೀಕ್ಷೆಯನ್ನೂ ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಪರೀಕ್ಷೆಯನ್ನೂ ಇಂದಿಗೂ ಕನ್ನಡದಲ್ಲಿ ಬರೆಯುತ್ತಾರೆ. ಅಲ್ಲಿ ನಾವು ಕೇಳುವುದನ್ನು ಇಲ್ಲಿ ಕೊಡದಿರಲಾಗದು. ನಮ್ಮ ಬ್ಯಾಟರಾಯನಪುರದಲ್ಲಿ ಉರ್ದು, ತೆಲುಗು, ತಮಿಳು ಮನೆಮಾತಿನವರು ಬಾಳುತ್ತಿದ್ದಾರೆ. ಅವರ ಮಕ್ಕಳು ಎಸ್.ಎಸ್.ಎಲ್.ಸಿ.ಯಲ್ಲಿ ತಮ್ಮ ನುಡಿಯನ್ನೇ ಪ್ರಥಮ ಭಾಷೆಯಾಗಿ ಬರೆಯಬಹುದು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಮೇರೆಗೆ ಕನ್ನಡವನ್ನೂ ಅವರು ಕಲಿಯಬೇಕು. ಅದನ್ನು ಚೆನ್ನಾಗಿ ಕಲಿಸಬಲ್ಲ ಪಂತೋಜಿಯನ್ನು ಒದಗಿಸುವ ಹೊಣೆ ಇಂದಿನ ಡೆಪ್ಯುಟಿಗಳದು.