ಅಜ್ಜಮಾಡ ಬಿ. ದೇವಯ್ಯ

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ (೨೪ ಡಿಸೆಂಬರ್ ೧೯೩೨ – ೭ ಸೆಪ್ಟೆಂಬರ್ ೧೯೬೫) ಭಾರತೀಯ ವಾಯುಪಡೆಯ ಯುದ್ಧವಿಮಾನ ಪೈಲಟ್ ಹಾಗೂ ಹಾರಾಟ ಬೋಧಕರು. ೧೯೬೫ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ವೀರಮರಣವನ್ನಪ್ಪಿದ ಇವರಿಗೆ ೧೯೮೮ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪ್ರದಾನ ಮಾಡಲಾಯಿತು.

ಆರಂಭಿಕ ಜೀವನ

ದೇವಯ್ಯ ಅವರು ಕೊಡಗಿನ ಅಜ್ಜಮಾಡ ಮನೆತನದಲ್ಲಿ ಜನಿಸಿದರು. ತಂದೆ ಬೋಪಯ್ಯ ಅವರು ವೈದ್ಯರಾಗಿದ್ದರು. ದೇವಯ್ಯ ಅವರು ೧೯೫೪ರಲ್ಲಿ ಪೈಲಟ್ ಆಗಿ ವಾಯುಪಡೆಯನ್ನು ಸೇರಿದರು.

ಹಾರಾಟ ಬೋಧಕ

೧೯೬೫ರಲ್ಲಿ ಯುದ್ಧ ಆರಂಭವಾದಾಗ ಅವರು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿದ್ದರು. ಆ ಕಾಲದಲ್ಲಿ ವಾಯುಪಡೆಯ ಪ್ರಾಥಮಿಕ ತರಬೇತಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾದ ಎಚ್‌ಟಿ-೨ ವಿಮಾನಗಳೂ ಬಳಕೆಯಲ್ಲಿದ್ದವು. ಇಂತಹ ತರಬೇತಿ ವಿಮಾನದಲ್ಲಿ ಎರಡು ಆಸನಗಳಿದ್ದು, ಎರಡರಲ್ಲೂ ನಿಯಂತ್ರಣ ಸಾಧನಗಳಿರುತ್ತವೆ. ಶಿಷ್ಯನು ತಪ್ಪು ಮಾಡಿ ಕಲಿಯಲು ಅವಕಾಶ ಕೊಟ್ಟು, ಅಪಾಯ ಒದಗುವ ಮುನ್ನ ವಿಮಾನವನ್ನು ಹತೋಟಿಗೆ ತೆಗೆದುಕೊಳ್ಳುವುದು ಬೋಧಕನ ಹೊಣೆ. ಶಿಷ್ಯನು ಒಬ್ಬನೇ ಹಾರಲು ಯಾವಾಗ ಅರ್ಹನೆಂಬುದನ್ನು ನಿರ್ಣಯಿಸುವವನೂ ಅವನೇ. ಯುದ್ಧಕಾಲದಲ್ಲಿ ಅನುಭವಿ ಬೋಧಕರನ್ನು ಯುದ್ಧ ಸ್ಕ್ವಾಡ್ರನ್‌ಗಳಿಗೆ ಕಳುಹಿಸುವುದುಂಟು. ಅದರಂತೆ ದೇವಯ್ಯ ಅವರು ಪಂಜಾಬಿನ ಆದಂಪುರದಲ್ಲಿದ್ದ ೧ನೆಯ ಸ್ಕ್ವಾಡ್ರನ್‌ಗೆ ನಿಯೋಜಿತರಾದರು.

ಸರಗೋಧಾ ದಾಳಿ

೧೯೬೫ರ ಸೆಪ್ಟೆಂಬರ್ ೭ರ ಬೆಳಗಿನ ಜಾವ, ವಿಂಗ್ ಕಮಾಂಡರ್ ಒ. ಪಿ. ತನೇಜಾ ಅವರ ನೇತೃತ್ವದಲ್ಲಿ ಈ ಸ್ಕ್ವಾಡ್ರನ್ ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರಗೋಧಾದ ಮೇಲೆ ದಾಳಿ ಮಾಡಿತು. ೧೨ ಮಿಸ್ಟೇರ್ ವಿಮಾನಗಳನ್ನು ದಾಳಿಗೆ ಗೊತ್ತುಪಡಿಸಿ, ಯಾವುದಾದರೂ ಹಿಂದುಳಿದರೆ ಬದಲಿಯಾಗಿ ಹೋಗಲು ಬೇರೆ ವಿಮಾನಗಳನ್ನು ಕಾಯ್ದಿರಿಸಲಾಗಿತ್ತು. ದೇವಯ್ಯ ಅವರು ಹೀಗೆ ಕಾಯ್ದಿರಿಸಿದ ಪೈಲಟ್ ಆಗಿದ್ದು, ಕೊನೆಯಲ್ಲಿ ದಾಳಿಯಲ್ಲಿ ಪಾಲ್ಗೊಂಡರು.

ಶತ್ರುಪ್ರದೇಶದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಚಲಾಯಿಸುತ್ತಿದ್ದ ಎಫ್-೧೦೪ ಸ್ಟಾರ್‌ಫೈಟರ್ ಅವರನ್ನು ಎದುರಿಸಿತು. ಅದು ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮೀರಲಾರದು. ತಮ್ಮ ವಿಮಾನಕ್ಕೆ ಗುಂಡೇಟು ಬಿದ್ದಿದ್ದರೂ ದೇವಯ್ಯ ಅವರು ಹಿಮ್ಮೆಟ್ಟದೆ ಸೆಣಸಿ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅಮ್ಜದ್ ವಿಮಾನದಿಂದ ಹೊರಜಿಗಿದು ಬದುಕುಳಿದರು. ದೇವಯ್ಯ ಅವರು ಹಿಂದಿರುಗಲಿಲ್ಲ. ಆಗ ಅವರಿಗೆ ೩೨ ವರ್ಷ.

ತಡವಾಗಿ ಬಂದ ಮನ್ನಣೆ

ಈ ಕಾಳಗವನ್ನು ಭಾರತದ ಕಡೆಯ ಯಾರೂ ಕಂಡಿರಲಿಲ್ಲ. ಆದ್ದರಿಂದ ಅವರನ್ನು ಕಾಣೆಯಾದವರೆಂದಷ್ಟೇ ದಾಖಲಿಸಲಾಯಿತು. ೧೯೭೯ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಪ್ರಕಟಿಸಿದ ಯುದ್ಧೇತಿಹಾಸದಲ್ಲಿ, ಸ್ಟಾರ್‌ಫೈಟರ್ ಮಿಸ್ಟೇರ್ ವಿಮಾನವೊಂದರೊಡನೆ ಹೋರಾಡಿ ಪತನಗೊಂಡ ವಿವರವಿತ್ತು. ಅಂದು ಹಿಂದಿರುಗದ ಆ ಮಿಸ್ಟೇರ್ ದೇವಯ್ಯ ಅವರದೇ ಎಂಬುದನ್ನು ತನೇಜಾ ಅವರು ಸರ್ಕಾರದ ಗಮನಕ್ಕೆ ತಂದರು. ಹೀಗೆ ಎದುರಾಳಿಯ ದಾಖಲೆಯೇ ಅವರ ಶೌರ್ಯಕ್ಕೆ ಸಾಕ್ಷಿಯಾಯಿತು. ಘಟನೆ ನಡೆದ ೨೩ ವರ್ಷಗಳ ನಂತರ ಮಹಾವೀರ ಚಕ್ರವನ್ನು ಅವರ ಪತ್ನಿ ಸ್ವೀಕರಿಸಿದರು.

ಸ್ಮರಣೆ

ಮಡಿಕೇರಿಯ ವೃತ್ತವೊಂದಕ್ಕೆ ದೇವಯ್ಯ ಅವರ ಹೆಸರನ್ನಿಡಲಾಗಿದೆ. ೨೦೨೫ರ ಜನವರಿಯಲ್ಲಿ ಬಿಡುಗಡೆಯಾದ ಹಿಂದಿ ಚಲನಚಿತ್ರ ‘ಸ್ಕೈ ಫೋರ್ಸ್’ನ ಒಂದು ಪ್ರಮುಖ ಪಾತ್ರಕ್ಕೆ ಇವರ ಜೀವನವೇ ಪ್ರೇರಣೆ.