ಕನ್ನಂಬಾಡಿ ಕಟ್ಟಿದ ಸರ್ ಎಂ.ವಿ. ನಿರುದ್ಯೋಗದ ಮೇಲೂ ಪುಸ್ತಕ ಬರೆದಿದ್ರು!

ಶ್ರೀರಂಗಪಟ್ಟಣ: ಮಂಡ್ಯ ಜಿಲ್ಲೆಯ ಅದೆಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಇರುತ್ತೆ. ನೀರು ಕೊಟ್ಟ ಪುಣ್ಯಾತ್ಮ ಅಂತ ಜನ ಕೈ ಮುಗೀತಾರೆ. ಆದ್ರೆ ಅಣೆಕಟ್ಟೆ ಕೆಲಸ ಮುಗಿಯೋ ಹೊತ್ತಿಗೆ, 1932ರಲ್ಲಿ, ಭಾರತದಲ್ಲಿ ನಿರುದ್ಯೋಗ ಯಾಕಿದೆ, ಅದಕ್ಕೆ ಮದ್ದೇನು ಅಂತ ಇದೇ ಮನುಷ್ಯ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದು ಬಹಳ ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡೇ 1881ರಲ್ಲಿ ಬಿ.ಎ. ಮುಗಿಸಿದ ಹುಡುಗ, ಮೈಸೂರು ಸರ್ಕಾರದ ಸ್ಕಾಲರ್‌ಶಿಪ್‌ನಲ್ಲಿ ಪುಣೆಗೆ ಹೋಗಿ ಎಂಜಿನಿಯರ್ ಆದರು. 1884ರಲ್ಲಿ ಬಾಂಬೆ ಸರ್ಕಾರದ ಕೆಲಸ ಸಿಕ್ತು. ಹಾಗೆ ನೋಡಿದ್ರೆ ಅವರು ಕೆಲಸಕ್ಕಾಗಿ ಬೀದಿ ಬೀದಿ ಅಲೆದವರಲ್ಲ, ಸ್ವಂತ ಅಂಗಡಿ ಇಟ್ಟವರೂ ಅಲ್ಲ. ಅಂಥವರಿಗೆ ಈ ಚಿಂತೆ ಯಾಕೆ ಹತ್ತಿತು ಅನ್ನೋದೇ ಸೋಜಿಗ. 1898ರಲ್ಲಿ ಜಪಾನ್ ಸುತ್ತಿ ಬಂದಿದ್ದರು. ಅಲ್ಲಿನ ಶಾಲೆ, ಕೈಗಾರಿಕೆ ಎರಡೂ ಅವರ ತಲೆಯಲ್ಲಿ ಉಳಿದವು.

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯ್ತು. ಸಿಮೆಂಟಿಲ್ಲ, ಸುರ್ಕಿ ಗಾರೆ. ಹಳೇ ಕನ್ನಂಬಾಡಿ ಊರೇ ಮುಳುಗಿತು, ಹಿನ್ನೀರು ಕೆ.ಆರ್. ಪೇಟೆ ಕಡೆಯ ಹೇಮಾವತಿವರೆಗೂ ಹೋಯ್ತು. ಊರು ಬಿಟ್ಟವರ ಕಥೆ ಬೇರೆಯೇ ಇದೆ, ಅದನ್ನ ಯಾರೂ ಫೋಟೋ ಹಾಕಿ ಪೂಜೆ ಮಾಡಲ್ಲ.

1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು. ಇವತ್ತು ಹುಡುಗರು ಮುದ್ರಾ ಸಾಲಕ್ಕೆ ಅಂತ ಕ್ಯೂ ನಿಲ್ಲೋ ಎಷ್ಟೋ ಎಸ್‌ಬಿಐ ಶಾಖೆಗಳು 2017ರವರೆಗೆ ಅದೇ ಬ್ಯಾಂಕಿನವು. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯ್ತು. ಮೈಸೂರಿನ ಗಂಧದ ಮರ ಜರ್ಮನಿಗೆ ಹೋಗೋದು ನಿಂತು, ಕೊರಡು ಹಾಗೇ ರಾಶಿ ಬಿತ್ತು. ಕೊಳ್ಳೋರಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರೋ ಬದಲು ಎಣ್ಣೆ ಇಲ್ಲೇ ತೆಗೆಯೋಣ ಅಂತ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯ್ತು, ಅದರ ಬೆನ್ನಿಗೇ ಸೋಪು. ಮರ ಮಾರೋದಕ್ಕೂ ಸೋಪು ಮಾರೋದಕ್ಕೂ ಇರೋ ವ್ಯತ್ಯಾಸ ಎಷ್ಟು ಕೈಗಳಿಗೆ ಕೆಲಸ ಅನ್ನೋದರಲ್ಲಿದೆ. ಅದೇ ವರ್ಷ ವ್ಯಾಪಾರಿಗಳಿಗೆ ಅಂತ ಮೈಸೂರು ಛೇಂಬರ್ ಆಫ್ ಕಾಮರ್ಸ್ ಕೂಡ ಬಂತು.

ಆದ್ರೆ ಸರ್ಕಾರಿ ಕೆಲಸ ಯಾರಿಗೆ ಅನ್ನೋ ಪ್ರಶ್ನೆಯಲ್ಲೇ ಅವರ ದಿವಾನಗಿರಿ ಮುಗೀತು. ಹಿಂದುಳಿದವರಿಗೆ ಮೀಸಲಾತಿ ಕೊಡೋ ವಿಚಾರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಜೊತೆ ಒಮ್ಮತ ಬರದೆ 1918ರಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಮಹಾರಾಜರ ಕಡೆಯೇ ನ್ಯಾಯ ಇತ್ತು. ಇವತ್ತು ಇದೇ ಜಿಲ್ಲೆಯ ಎಷ್ಟೋ ರೈತರ ಮಕ್ಕಳು ಆಫೀಸರ್ ಆಗಿದ್ದರೆ ಅದಕ್ಕೆ ಆ ತೀರ್ಮಾನವೂ ಕಾರಣ.

ಕುರ್ಚಿ ಬಿಟ್ಟ ಮೇಲೂ ಅವರು ಸುಮ್ಮನಾಗಲಿಲ್ಲ. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆ ನೋಡಿಕೊಂಡರು. ಎಲ್ಲರೂ ಬೇಸಾಯಕ್ಕೇ ಜೋತುಬಿದ್ದರೆ ಭೂಮಿ ತಡೆಯಲ್ಲ, ಬರೀ ಗುಮಾಸ್ತರನ್ನ ತಯಾರು ಮಾಡೋ ಓದಿನಿಂದ ಹೊಟ್ಟೆ ತುಂಬಲ್ಲ, ಕಸುಬು ಕಲಿಸಬೇಕು, ಬಂಡವಾಳ ಸಿಗಬೇಕು, ಕೈಗಾರಿಕೆ ಹಳ್ಳಿಗೂ ಬರಬೇಕು ಅನ್ನೋದು ಅವರ ವಾದ. 1943ರಲ್ಲಿ ಬೆಂಗಳೂರಿನಲ್ಲಿ ಕಸುಬು ಕಲಿಸೋಕೆ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು ಅವರ ಒತ್ತಾಸೆಯಿಂದಲೇ. 1945ರಲ್ಲಿ ಹಳ್ಳಿಗಳ ಕೈಗಾರಿಕೆ ಬಗ್ಗೆನೇ ಮತ್ತೊಂದು ಪುಸ್ತಕ ಬರೆದರು. ಆಗ ಅವರಿಗೆ ಎಂಬತ್ತು ದಾಟಿತ್ತು.

ಇತ್ತ ನಾಲೆ ನೀರಿಗೆ ಕಬ್ಬು ಬಂತು, 1933ರಲ್ಲಿ ಲೆಸ್ಲಿ ಕೋಲ್ಮನ್ ಶ್ರಮದಿಂದ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಆಲೆಮನೆ ಹಾಕಿದ ರೈತ ಕಬ್ಬು ಮಾರೋ ಬದಲು ಬೆಲ್ಲ ಮಾರಿದ. ಎರಕದ ಕೆಲಸಕ್ಕೆ ಹೆಸರಾಗಿದ್ದ ನಾಗಮಂಗಲದ ಬಹುಪಾಲು ಊರುಗಳಿಗೆ ಮಾತ್ರ ಆ ನಾಲೆ ಮುಟ್ಟಲಿಲ್ಲ.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ತುಂಬಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಇರ್ವಿನ್ ನಾಲೆಗೆ ಈಗ ಅವರದೇ ಹೆಸರು. ಆ ಇನ್‌ಸ್ಟಿಟ್ಯೂಟ್ ಈಗ ಎಸ್‌ಜೆ ಪಾಲಿಟೆಕ್ನಿಕ್, ಅಲ್ಲಿ ಹುಡುಗರು ಇನ್ನೂ ಕಸುಬು ಕಲೀತಿದ್ದಾರೆ.