ಶಾಸ್ತ್ರವೋ, ವಿಜ್ಞಾನವೋ? 800 ವರ್ಷ ಹಿಂದೆಯೇ ಉತ್ತರ ಕೊಟ್ಟ ಯಹೂದಿ ವೈದ್ಯ

ಹಿಂದಿನ ಧರ್ಮಗುರುಗಳು ಹೇಳಿದ ಮಾತಿಗೂ ವಿಜ್ಞಾನ ಸಾಬೀತುಪಡಿಸಿದ ಸತ್ಯಕ್ಕೂ ತಾಳೆಯಾಗದಿದ್ದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಎಂಟು ಶತಮಾನಗಳ ಹಿಂದೆಯೇ ಎದುರಿಸಿದವರು ಯಹೂದಿ ಧರ್ಮಗುರು ಹಾಗೂ ವೈದ್ಯ ಮೋಸೆಸ್ ಮೈಮೊನಿಡೀಸ್.

1138ರ ಸುಮಾರಿಗೆ ಸ್ಪೇನ್‌ನ ಕಾರ್ಡೋಬಾದಲ್ಲಿ ಜನಿಸಿದ ಅವರ ಬಾಲ್ಯ ನೆಮ್ಮದಿಯದಾಗಿರಲಿಲ್ಲ. 1148ರಲ್ಲಿ ಅಲ್ಮೊಹದ್ ಪಡೆಗಳು ನಗರವನ್ನು ವಶಪಡಿಸಿಕೊಂಡವು. ಯಹೂದಿಗಳು ಮತಾಂತರವಾಗಬೇಕು, ಇಲ್ಲವೇ ಊರು ಬಿಡಬೇಕು ಎಂಬ ಸ್ಥಿತಿ ಬಂತು. ಅಲೆದಾಡಿದ ಕುಟುಂಬ ಮೊರೊಕ್ಕೊದ ಫೆಜ್ ಮೂಲಕ ಕೊನೆಗೆ ಈಜಿಪ್ಟ್‌ನ ಫುಸ್ತಾತ್‌ನಲ್ಲಿ ನೆಲೆಸಿತು.

ಮನೆ ನಡೆಯುತ್ತಿದ್ದುದು ವ್ಯಾಪಾರಿಯಾಗಿದ್ದ ತಮ್ಮ ಡೇವಿಡ್‌ನ ದುಡಿಮೆಯಿಂದ. ಭಾರತದ ಕಡೆಗೆ ಹೊರಟಿದ್ದ ಆತ ಹಿಂದೂ ಮಹಾಸಾಗರದಲ್ಲಿ ಮುಳುಗಿ ಮೃತಪಟ್ಟ. ಆ ಆಘಾತಕ್ಕೆ ಮೈಮೊನಿಡೀಸ್ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಬಳಿಕ ಜೀವನೋಪಾಯಕ್ಕೆ ವೈದ್ಯವೃತ್ತಿ ಆಯ್ದುಕೊಂಡು, ಸುಲ್ತಾನ್ ಸಲಾದಿನ್‌ನ ಆಪ್ತ ಅಧಿಕಾರಿ ಅಲ್-ಫಾದಿಲ್‌ನ ವೈದ್ಯರಾದರು.

ಯಹೂದಿಗಳ ಧರ್ಮಗ್ರಂಥ ತಾಲ್ಮುಡ್‌ನಲ್ಲಿ ಕಾನೂನಿನ ಜೊತೆಗೆ ನಕ್ಷತ್ರ, ರೋಗ, ಔಷಧದ ಮಾತುಗಳೂ ಇವೆ. ಖಗೋಳದ ಬಗ್ಗೆ ಹಿರಿಯರು ಹೇಳಿದ್ದು ದೈವವಾಣಿಯಲ್ಲ, ಅವರ ಕಾಲದ ತಿಳಿವಳಿಕೆ ಮಾತ್ರ ಎಂದು ಸುಮಾರು 1190ರಲ್ಲಿ ಪೂರ್ಣಗೊಂಡ 'ಗೈಡ್ ಫಾರ್ ದಿ ಪರ್‌ಪ್ಲೆಕ್ಸ್‌ಡ್' ಕೃತಿಯಲ್ಲಿ ಅವರು ಬರೆದರು. ಖಗೋಳದ ಒಂದು ವಾದದಲ್ಲಿ ಅನ್ಯಧರ್ಮೀಯ ಪಂಡಿತರೇ ಸರಿ ಎಂದು ತಾಲ್ಮುಡ್‌ನ ಗುರುಗಳೇ ಒಪ್ಪಿದ್ದನ್ನು ಆಧಾರವಾಗಿ ಕೊಟ್ಟರು. ಕೆಲವು ಹಿರಿಯರು ನಂಬಿದ್ದ ಜ್ಯೋತಿಷ್ಯವನ್ನೂ ಸಾರಾಸಗಟಾಗಿ ತಳ್ಳಿಹಾಕಿದರು.

ಹಾಗೆಂದು ಎಲ್ಲವನ್ನೂ ವಿಜ್ಞಾನಕ್ಕೆ ಬಿಟ್ಟುಕೊಡಲಿಲ್ಲ. ಯಾವ ಗಾಯ, ಊನಗಳಿರುವ ಪ್ರಾಣಿಯ ಮಾಂಸ ನಿಷಿದ್ಧ ಎಂಬ ಪಟ್ಟಿ ಯಹೂದಿ ಕಾನೂನಿನಲ್ಲಿದೆ. ಅವುಗಳಲ್ಲಿ ಕೆಲವು ಪ್ರಾಣಾಂತಿಕವಲ್ಲ ಎಂದು ವೈದ್ಯಶಾಸ್ತ್ರ ಹೇಳಿದರೂ ಪಟ್ಟಿ ಬದಲಾಗದು ಎಂಬುದು ಅವರ ನಿಲುವು. ವಾಸ್ತವದ ವಿಷಯದಲ್ಲಿ ಪುರಾವೆಗೆ, ಆಚರಣೆಯ ವಿಷಯದಲ್ಲಿ ಕಾನೂನಿಗೆ ಮನ್ನಣೆ ಎಂಬುದು ಅವರು ಎಳೆದ ಗೆರೆ.

1204ರಲ್ಲಿ ಅವರು ನಿಧನರಾದರು. ವಿವಾದ ಮಾತ್ರ ನಿಲ್ಲಲಿಲ್ಲ. 1230ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಅವರ ಕೃತಿಗಳನ್ನು ಸುಡಲಾಯಿತು. ಆದರೆ ಅವರ 14 ಭಾಗಗಳ ಕಾನೂನು ಸಂಹಿತೆ 'ಮಿಶ್ನೆ ತೋರಾ'ವನ್ನು ಇಂದಿಗೂ ಸಂಪ್ರದಾಯಸ್ಥ ಯಹೂದಿಗಳು ಶ್ರದ್ಧೆಯಿಂದ ಓದುತ್ತಾರೆ.